ಮುಯ್ಯಿ ಉಸಿರು

ದುರಗವ್ವನಿಗೆ ಕೊರತೆ ಇದ್ದದ್ದು ಉಸಿರಿನದು. ಉಳಿದ ಕೊರತೆಗಳನ್ನು ಅವಳು ಕೊರತೆ ಎಂದು ಎಣಿಸಿರಲಿಲ್ಲ.

ದಮ್ಮು ಅವಳಿಗೆ ಇಪ್ಪತ್ತೆರಡನೆಯ ವಯಸ್ಸಿನಿಂದ ಇತ್ತು. ಮಗಳು ಹುಲಿಗೆವ್ವ ಹುಟ್ಟಿದ ವರ್ಷವೇ ಅದೂ ಮನೆಗೆ ಬಂದಿತ್ತು, ಹಾಗಾಗಿ ಮಗಳೂ ದಮ್ಮೂ ಒಂದೇ ವಾರಿಗೆಯವು. ಒಗ್ಗರಣೆ ಹಾಕುವಾಗ ದುರಗವ್ವ ಬಾಗಿಲ ಹೊರಗೆ ನಿಂತು ಕೈ ಮಾತ್ರ ಒಳಗೆ ಚಾಚುತ್ತಿದ್ದಳು. ಊದಿನಕಡ್ಡಿ ಹಚ್ಚುವ ಮನೆಗಳಿಗೆ ಹೋಗುತ್ತಿರಲಿಲ್ಲ. ಚಳಿಗಾಲದಲ್ಲಿ ಗೋಡೆಗೆ ಒರಗಿ ಕುಳಿತೇ ಮಲಗುತ್ತಿದ್ದಳು. ಯಾರಾದರೂ ನಗಿಸಿದರೆ ಕೈ ಅಡ್ಡ ಹಿಡಿದು ಬೇಡ ಎನ್ನುತ್ತಿದ್ದಳು, ಏಕೆಂದರೆ ನಗು ಕೆಮ್ಮಾಗುತ್ತಿತ್ತು, ಕೆಮ್ಮು ದಮ್ಮಾಗುತ್ತಿತ್ತು. ಅವಳ ಎದೆಯೊಳಗಿನ ಸುಂಯ್ ಎನ್ನುವ ಸದ್ದನ್ನು ಕೇಳುತ್ತಲೇ ಹುಲಿಗೆವ್ವ ಬೆಳೆದಳು. ಹೈಸ್ಕೂಲಿಗೆಂದು ಹಾಸ್ಟೆಲ್ ಸೇರಿದ ಮೊದಲ ವಾರ ಆ ಸದ್ದಿಲ್ಲದೆ ಅವಳಿಗೆ ನಿದ್ದೆ ಬಂದಿರಲಿಲ್ಲ.

ಆಗ ಎರಡು ಪಂಪುಗಳ ಕಾಲ. ಎದೆ ಹಿಡಿದಾಗ ಎಳೆದುಕೊಳ್ಳಲು ನೀಲಿ ಪಂಪು. ಹಿಡಿಯದ ಹಾಗೆ ದಿನವೂ ಎಳೆದುಕೊಳ್ಳಲು ಕಂದು ಪಂಪು. ನೀಲಿ ಕೂಡಲೇ ಕೆಲಸ ಮಾಡುತ್ತಿತ್ತು, ಅದರ ಮೇಲೆ ಎಲ್ಲರಿಗೂ ನಂಬಿಕೆ. ಕಂದು ಪಂಪು ಶ್ವಾಸನಾಳದ ಬಾವನ್ನು ವಾರಗಟ್ಟಲೆ ತಡೆದು ಮೆಲ್ಲಗೆ ಇಳಿಸುವಂಥದ್ದು. ಎಳೆದುಕೊಂಡರೆ ಏನೂ ಆದಂತೆ ಕಾಣುತ್ತಿರಲಿಲ್ಲ. ಏನೂ ಮಾಡದ ಔಷಧಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ದುರಗವ್ವನ ಕಂದು ಪಂಪು ಗೋಡೆಯ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಕುಳಿತಿತ್ತು. ನೂರಿಪ್ಪತ್ತು ಎಳೆತದ ಪಂಪು ಅದು. ಅದರ ಬೆನ್ನಿನ ಅಂಕಿ ನೂರಾ ಹದಿನೆಂಟಕ್ಕೆ ನಿಂತಿತ್ತು. ನೀಲಿಯನ್ನೇ ನೆಚ್ಚಿ ಎಳೆದೆಳೆದು, ಆ ಜಿಲ್ಲೆಯಲ್ಲಿ ವರ್ಷಕ್ಕೆ ಇಷ್ಟು ಮಂದಿ ಎಂದು ಸಾಯುತ್ತಿದ್ದರು.

ಅದಕ್ಕೆಂದೇ ತುತ್ತೂರಿ ಬಂತು. ಅದಕ್ಕೆ ಬೇರೆ ಹೆಸರು ಇತ್ತು, ಕೆಂಚಿಕೊಪ್ಪದ ಮೆಣಸಿನಕಾಯಿ ಮಾರುಕಟ್ಟೆಯ ಹೆಂಗಸರು ಅದರ ಆಕಾರ ನೋಡಿ ತುತ್ತೂರಿ ಎಂದರು. ಅಂಗೈ ಉದ್ದದ ಬಿಳಿ ಕೊಳವೆ, ಕೊರಳಿಗೆ ದಾರ, ಪಕ್ಕದಲ್ಲಿ ಬೆರಳಿಡುವ ತಟ್ಟೆ. ಬೆಳಿಗ್ಗೆ ಬೆರಳಿಟ್ಟು ಮೂರು ಸಲ ಜೋರಾಗಿ ಊದಬೇಕು. ಆ ಎತ್ತರದ, ಆ ವಯಸ್ಸಿನ ಹೆಂಗಸು ಊದಬೇಕಾದದ್ದು ನೂರು ಎಂದಿಟ್ಟುಕೊಂಡರೆ ನೀನು ಊದಿದ್ದು ಇಷ್ಟು ಎಂದು ಅದು ಅಂಕಿ ಕೊಡುತ್ತಿತ್ತು. ಅಂಕಿಯನ್ನು ನೋಡಿ ತಾನೇ ಔಷಧಿ ಅಳೆಯುತ್ತಿತ್ತು. ಉಸಿರು ಕಡಿಮೆಯಿದ್ದರೆ ಕಂದು ಪಂಪಿನ ಔಷಧಿ, ಈಗ ಪುಡಿಯ ರೂಪದಲ್ಲಿ, ದಿನಕ್ಕೆ ನಾಲ್ಕು ಚಿಟಿಕೆ, ಸುಧಾರಿಸಿದಂತೆ ಮೂರು, ಎರಡು, ಒಂದು. ನೀಲಿಯೂ ಅದರೊಳಗೇ ಇತ್ತು, ಆದರೆ ಕೇಳಿದಷ್ಟು ಸಿಗುತ್ತಿರಲಿಲ್ಲ. ಬೆಳಗಿನ ಅಂಕಿ ಎಂಬತ್ತು ದಾಟಿದ್ದರೆ ನಾಲ್ಕು ತಾಸಿಗೆ ಎರಡೇ ಎಳೆತ. ಚೆನ್ನಾಗಿರುವವರು ನೀಲಿಯನ್ನು ಚಟಕ್ಕೆ ಎಳೆಯುತ್ತಾರೆ ಎಂದು ಅದನ್ನು ಮಾಡಿದವರು ತಿಳಿದಿದ್ದರು.

ತುತ್ತೂರಿ ಬಂದು ಆರು ವರ್ಷ. ಹಳೆಯ ಪಂಪುಗಳು ಅಂಗಡಿಯಲ್ಲೂ ಸಿಗುವುದು ನಿಂತಿತ್ತು. ಮೆಣಸಿನಕಾಯಿ ಶೆಡ್ಡಿನೊಳಗೆ ಕಾಲಿಡುವ ಪ್ರತಿ ಹೆಂಗಸಿನ ಕೊರಳಲ್ಲೂ, ದಮ್ಮಿರಲಿ ಬಿಡಲಿ, ಒಂದು ತುತ್ತೂರಿ ಇರಲೇಬೇಕಿತ್ತು. ಅರವತ್ತರ ಮೇಲೆ ಊದಿದವರಿಗೆ ಹಸಿರು ಚುಕ್ಕೆ, ಗೇಟು ತೆರೆಯುತ್ತಿತ್ತು. ಅದಕ್ಕಿಂತ ಕಡಿಮೆಯಾದರೆ ಹಳದಿ, ಅವತ್ತು ಮನೆ. ನಿಯಮ ಮಾಡಿದವರದು ಒಳ್ಳೆಯ ಮನಸ್ಸೇ ಇತ್ತು. ಹಾಳು ಎದೆಯವರು ಘಾಟಿನಲ್ಲಿ ಕೂರಬಾರದು ಎನ್ನುವುದರಲ್ಲಿ ತಪ್ಪು ಹುಡುಕುವುದು ಕಷ್ಟ.

ಹುಲಿಗೆವ್ವನ ಕೆಲಸ ಆ ಚುಕ್ಕೆಗಳನ್ನು ನೋಡುವುದು.

ಮಾರುಕಟ್ಟೆಯ ತೂಕದ ಕಾಂಟಾದ ಎದುರಿನ ಕಟ್ಟಡದ ಮೇಲಂತಸ್ತಿನಲ್ಲಿ ಉಸಿರು ಕೊಠಡಿ ಇತ್ತು. ಕಿಟಕಿಗೆ ಎರಡು ಗಾಜು, ನಡುವೆ ರಬ್ಬರು, ಆದರೂ ಜನವರಿಯಿಂದ ಏಪ್ರಿಲ್‌ವರೆಗೆ ಮೇಜಿನ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಗೋಡೆಯ ಪರದೆಯಲ್ಲಿ ಆರುನೂರಾ ನಲವತ್ತು ಚುಕ್ಕೆ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಅವು ಒಂದೊಂದಾಗಿ ಬಣ್ಣ ತಳೆಯುತ್ತಿದ್ದವು. ಹಾಸ್ಟೆಲ್ಲಿನಲ್ಲಿ ಓದಿ ಡಿಪ್ಲೊಮಾ ಮುಗಿಸಿದ ಹುಲಿಗೆವ್ವನಿಗೆ ಇದು ಮೂರನೆಯ ಸೀಸನ್. ಹೊಸದಾಗಿ ತುತ್ತೂರಿ ಪಡೆದವರಿಗೆ ಊದುವುದನ್ನು ಕಲಿಸುವುದೂ ಅವಳ ಪಾಲಿಗೇ ಬಂದಿತ್ತು. ತುಟಿ ಬಿಗಿ ಹಿಡಿಯಿರಿ, ಒಂದೇ ದಮ್ಮಿಗೆ ಊದಿರಿ, ಪುಡಿ ಕಡಿಮೆಯಾಗುತ್ತ ಬಂದರೆ ನೀವು ಆರಾಮಾಗುತ್ತಿದ್ದೀರಿ ಎಂದು ತಿಳಿಯಿರಿ. ಅಷ್ಟನ್ನೇ ಅವಳು ಹೇಳುತ್ತಿದ್ದಳು. ಅವಳಿಗೆ ಹೇಳಿಕೊಟ್ಟಿದ್ದೂ ಅಷ್ಟೇ.

ಆ ವರ್ಷ ಜನವರಿ ಕೊನೆಯಿಂದ ದುರಗವ್ವನ ಚುಕ್ಕೆ ಹನ್ನೊಂದು ದಿನ ಹಳದಿಯಾಯಿತು. ನಲವತ್ತಾರು, ನಲವತ್ತಮೂರು, ಐವತ್ತು. ಹನ್ನೊಂದು ದಿನವೂ ಅವಳು ಬುತ್ತಿ ಕಟ್ಟಿಕೊಂಡು ಬಂದು, ಗೇಟಿನಲ್ಲಿ ನಿಂತು, ಬುತ್ತಿ ಹಿಡಿದುಕೊಂಡು ಮನೆಗೆ ಹೋದಳು. ಸೀಸನ್ನಿನ ನಾಲ್ಕು ತಿಂಗಳ ದುಡಿಮೆಯೇ ಅವಳ ವರ್ಷ. ಸಂಜೆ ಮಗಳು ಬಂದರೆ ಚಹದ ಲೋಟವನ್ನು ನೆಲಕ್ಕೆ ಸದ್ದಾಗುವ ಹಾಗೆ ಇಡುತ್ತಿದ್ದಳು.

"ಒಂಬತ್ತು ತಿಂಗಳು ಹೊತ್ತಾಕಿನ್ನ ಗೇಟಿನ್ಯಾಗ ನಿಂದ್ರಿಸಿದಿ. ಭಾಳ ಓದಿದಿ ಬಿಡು."

"ನಾ ಎಲ್ಲಿ ನಿಂದ್ರಿಸಿದ್ನೆಬೇ? ಯಂತ್ರ ನಿಂದ್ರಿಸ್ತು."

"ಯಂತ್ರದ ಮುಂದ ಕುಂತಾಕಿ ಯಾರು, ನಿಮ್ಮಪ್ಪನೇನು?"

ಅಪ್ಪ ಸತ್ತು ಹದಿನಾಲ್ಕು ವರ್ಷವಾಗಿತ್ತು. ಹುಲಿಗೆವ್ವ ಚಹ ಕುಡಿದಳು.

ಫೆಬ್ರವರಿ ಎರಡನೆಯ ವಾರ ಚುಕ್ಕೆ ಹಸಿರಾಯಿತು. ಎಂಬತ್ತೈದು. ಮರುದಿನ ಎಂಬತ್ತೆಂಟು. ನಾಲ್ಕು ಚಿಟಿಕೆ ಪುಡಿ ಕೊನೆಗೂ ಹತ್ತಿತು ಎಂದುಕೊಂಡಳು ಹುಲಿಗೆವ್ವ. ಹತ್ತು ದಿನಕ್ಕೆ ಪುಡಿ ಮೂರು ಚಿಟಿಕೆಗೆ ಇಳಿಯಿತು, ತಿಂಗಳ ಕೊನೆಗೆ ಎರಡು, ಮಾರ್ಚ್ ಮೊದಲ ವಾರ ಒಂದು. ಅವಳು ಮನೆಗೆ ಹೋಗುವಾಗ ಅರ್ಧ ಸೇರು ಬಾಳೆಕಾಯಿ ಚಿಪ್ಸು ಕೊಂಡು ಹೋದಳು, ಔಷಧಿ ಇಳಿದದ್ದಕ್ಕೆ. ದುರಗವ್ವ ಒಂದೆರಡು ತಿಂದು, ಎಣ್ಣೆ ವಾಸನೆ ಎಂದು ತಟ್ಟೆ ಸರಿಸಿದಳು.

ಬೆಳಗಿನ ಜಾವದ ಕೆಮ್ಮು ಮಾತ್ರ ಹೋಗಿರಲಿಲ್ಲ. ದುರಗವ್ವ ಆಡುಸೋಗೆ ಎಲೆಯ ಕಷಾಯ ಕುದಿಸಿ, ಹೊಗೆಯಿಂದ ಮುಖ ತಿರುಗಿಸಿಕೊಂಡು ಕುಡಿಯುತ್ತಿದ್ದಳು. ಮೆಟ್ಟಿಲು ಮೂರು ಹತ್ತಿ ನಿಲ್ಲುತ್ತಿದ್ದಳು. ಹುಲಿಗೆವ್ವ ಒಂದು ಸಲ ಕೇಳಿದಳು, ಘಾಟು ಎಂದಳು ತಾಯಿ. ಇನ್ನೊಂದು ಸಲ ಕೇಳಿದಾಗ, ನಿನ್ನ ಪರದೆ ಏನನ್ನುತ್ತೆ ಎಂದು ತಿರುಗಿ ಕೇಳಿದಳು. ಪರದೆ ಎಂಬತ್ತೆಂಟು ಎನ್ನುತ್ತಿತ್ತು. ಇಪ್ಪತ್ತೆರಡು ವರ್ಷ ಕಿವಿಯಿಂದ ಕೇಳಿದ ಎದೆಗಿಂತ ಮೂರು ವರ್ಷ ಕಣ್ಣಿನಿಂದ ನೋಡಿದ ಅಂಕಿಯನ್ನು ಹುಲಿಗೆವ್ವ ನಂಬಿದಳು. ಓದಿದವರು ಮಾಡುವ ತಪ್ಪು ಅದು.

ಕೊಠಡಿಯ ಮುಖ್ಯಸ್ಥ ಹಿರೇಮಠ ಸರ್‌ಗೆ ನಿವೃತ್ತಿಗೆ ಎರಡು ವರ್ಷ ಇತ್ತು. ಅವರು ಯಾರನ್ನೂ ಗದರುತ್ತಿರಲಿಲ್ಲ, ಯಾವುದಕ್ಕೂ ಅವಸರ ಮಾಡುತ್ತಿರಲಿಲ್ಲ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು. ಮಾರ್ಚ್ ಕೊನೆಯಲ್ಲಿ ರಾಜಧಾನಿಯಿಂದ ತಂಡವೊಂದು ಬರುವುದಿತ್ತು. ಗೋಡೆಗೆ ಅಂಟಿಸಲು ಒಳ್ಳೆಯದೊಂದು ಉದಾಹರಣೆ ಬೇಕು, ನಿಮ್ಮ ತಾಯಿಯವರದೇ ಇರಲಿ, ನಾಲ್ಕರಿಂದ ಒಂದಕ್ಕೆ ಬಂದ ಇಂಥ ಗೆರೆ ಇನ್ನೊಂದಿಲ್ಲ ಎಂದರು. ಹುಲಿಗೆವ್ವನಿಗೆ ಹೆಮ್ಮೆಯೇ ಆಯಿತು.

ಗುರುವಾರ, ಮಾರುಕಟ್ಟೆಯ ದಿನ, ಗೋಡೆಗೆ ಅಂಟಿಸುವುದನ್ನು ಆರಿಸಲೆಂದು ಅವಳು ತಾಯಿಯ ಒಂದೊಂದು ಊದನ್ನೂ ದೊಡ್ಡದು ಮಾಡಿ ನೋಡಿದಳು. ದಿನದ ಕೆಲಸದಲ್ಲಿ ಚುಕ್ಕೆ, ಅಂಕಿ ಬಿಟ್ಟರೆ ಉಸಿರಿನ ಗೆರೆಯನ್ನು ಯಾರೂ ತೆರೆಯುತ್ತಿರಲಿಲ್ಲ. ಜನವರಿಯ ಗೆರೆ ಸ್ವಲ್ಪ ಏರಿ, ಒಳಕ್ಕೆ ಕುಸಿದು, ಎಳೆದೆಳೆದು ಮುಗಿಯುತ್ತಿತ್ತು, ದಮ್ಮಿನವರೆಲ್ಲರ ಗೆರೆ ಹಾಗೆಯೇ. ಫೆಬ್ರವರಿಯದು ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತಿತ್ತು. ಅದರ ಏರಿನಲ್ಲಿ, ಶುರುವಾದ ಕೂಡಲೇ, ಒಂದು ಕಚ್ಚು. ಚಾಕುವಿನ ಬಾಯಿ ಮುರಿದಂಥ ಕಚ್ಚು, ಪ್ರತಿ ಊದಿನಲ್ಲೂ ಅದೇ ಜಾಗದಲ್ಲಿ. ತುಟಿಯ ಪಕ್ಕದಿಂದ ಗಾಳಿ ಸೋರಿದರೆ ಹೀಗಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಮುಂದಿನ ಹಲ್ಲು ಬಿದ್ದವರಿಗೆ ಸಾಮಾನ್ಯ ಎಂದೂ ಹೇಳಿದ್ದರು.

ದುರಗವ್ವನ ಹಲ್ಲುಗಳಿಗೆ ಏನೂ ಆಗಿರಲಿಲ್ಲ. ಅವಳು ಈಗಲೂ ಕಬ್ಬು ಸಿಗಿದು ತಿನ್ನುತ್ತಿದ್ದಳು. ಮೇಲಿನ ಎರಡು ಹಲ್ಲು ಇಲ್ಲದವಳು ಪಕ್ಕದ ಮನೆಯ ಇಮಾಂಬಿ.

ಹುಲಿಗೆವ್ವ ಇಮಾಂಬಿಯ ಗೆರೆಯನ್ನು ತೆರೆದು ಒಂದರ ಮೇಲೊಂದು ಇಟ್ಟಳು. ಎರಡು ಗೆರೆ ಒಂದಾದವು. ಮಧ್ಯಾಹ್ನದ ಊಟಕ್ಕೆ ಹೋಗದೆ ಉಳಿದವರದ್ದನ್ನೂ ತೆರೆಯುತ್ತ ಕುಳಿತಳು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಉಸಿರು, ಕೊಟ್ಟವರು, ಪಡೆದವರು ಸೇರಿ ಮೂವತ್ತೇಳು ಹೆಂಗಸರು.

ಅವಳು ಮೂಗಿಗೆ ಎರಡು ಪದರ ಬಟ್ಟೆ ಕಟ್ಟಿಕೊಂಡು ಶೆಡ್ಡಿಗಿಳಿದಳು. ಕಣ್ಣು ಉರಿಯಿತು. ಕೆಂಪು ರಾಶಿಗಳ ನಡುವೆ ಸಾಲುಸಾಲಾಗಿ ಕುಳಿತ ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ದುರಗವ್ವನ ಬೆರಳು ಆ ಶೆಡ್ಡಿಗೇ ಹೆಸರುವಾಸಿ. ಎಡಗೈ ಕಾಯಿ ಹಿಡಿಯುವುದು ಕಾಣುತ್ತಿರಲಿಲ್ಲ, ಬಲಗೈ ತೊಟ್ಟು ಮುರಿಯುವುದು ಕಾಣುತ್ತಿರಲಿಲ್ಲ, ಚಟ್ ಚಟ್ ಸದ್ದು ಕೇಳುತ್ತಿತ್ತು, ಕಾಯಿ ಒಡೆಯದೆ ಬೀಜ ಚೆಲ್ಲದೆ ಬುಟ್ಟಿ ತುಂಬುತ್ತಿತ್ತು. ಅವಳ ಎದುರಿಗೆ ಇಮಾಂಬಿ. ಎತ್ತರದ, ಅಗಲ ಬೆನ್ನಿನ ಹೆಂಗಸು, ಕರೆದರೆ ಮೂರು ಓಣಿಗೆ ಕೇಳುವ ದನಿ. ಅವಳ ಬೆರಳಿನ ಗೆಣ್ಣುಗಳು ಅರಿಶಿನದ ಕೊಂಬಿನ ಹಾಗೆ ಬಾತಿದ್ದವು. ಅವಳು ಒಂದು ಬುಟ್ಟಿ ತುಂಬುವಷ್ಟರಲ್ಲಿ ದುರಗವ್ವ ಮೂರು ತುಂಬುತ್ತಿದ್ದಳು. ಮೂರರಲ್ಲಿ ಒಂದನ್ನು ಕೇಳದೆ ಹೇಳದೆ ಇಮಾಂಬಿಯ ರಾಶಿಗೆ ಸುರಿಯುತ್ತಿದ್ದಳು.

ಹುಲಿಗೆವ್ವ ನೋಡುತ್ತ ನಿಂತಿದ್ದಳು. ಹೇಳಬೇಕಾದದ್ದೆಲ್ಲ ಅಲ್ಲೇ ಇತ್ತು.

ಇಬ್ಬರನ್ನೂ ಹೊರಗೆ ನೀರಿನ ಟಾಕಿಯ ಹಿಂದೆ ಕರೆದಳು. ಯಾರೂ ಸುಳ್ಳು ಹೇಳಲಿಲ್ಲ. ಬೆಳಿಗ್ಗೆ ಇಲ್ಲೇ, ಈ ಟಾಕಿಯ ಹಿಂದೆಯೇ, ದುರಗವ್ವ ತಟ್ಟೆಗೆ ಬೆರಳಿಡುತ್ತಿದ್ದಳು, ಇಮಾಂಬಿ ಊದುತ್ತಿದ್ದಳು. ಯಂತ್ರಕ್ಕೆ ಬೆರಳಿನ ಗುರುತಿತ್ತು, ಬಾಯಿಯ ಗುರುತಿರಲಿಲ್ಲ. ಇದನ್ನು ಕಂಡುಹಿಡಿದವರು ಯಾರು ಎಂದರೆ ಯಾರೂ ಅಲ್ಲ. ಹೊಲದ ಕೆಲಸದಲ್ಲಿ ಇವತ್ತು ನಿನ್ನ ಕಳೆಗೆ ನಾನು, ನಾಳೆ ನನ್ನ ಕಳೆಗೆ ನೀನು ಎಂದು ಮುಯ್ಯಾಳು ಹೋಗಿ ಬೆಳೆದವರು ಎಲ್ಲರೂ. ಶೆಡ್ಡಿನಲ್ಲೂ ಅದೇ ಮಾಡಿದ್ದರು.

"ಆಕಿ ಬೆರಳು ನನಗ, ನನ್ನ ಉಸಿರು ಆಕಿಗೆ," ಎಂದಳು ಇಮಾಂಬಿ. "ಇದರಾಗ ಕಳವು ಏನೈತಿ ಹುಲಿಗಿ? ಮುಯ್ಯಿ ಹೋದಾಕಿನ್ನ ಪೊಲೀಸ್ರಿಗೆ ಹಿಡದು ಕೊಡ್ತಾರೇನು?"

"ಚಿಗವ್ವಾ, ನಿನ್ನ ಉಸಿರು ನೋಡಿ ಅದು ಅವ್ವನ ಔಷಧ ಇಳಿಸೇತಿ. ನೀ ಒಂದು ಊದಿದಂಗ ಅದು ಒಂದು ಚಿಟಿಕಿ ಕಸಗೊಂಡೈತಿ. ನೀ ಆಕಿಗೆ ಕೊಟ್ಟಿಲ್ಲ, ಆಕಿದು ತಗೊಂಡಿ."

ಇಮಾಂಬಿ ತನ್ನ ಕೈಗಳನ್ನು ನೋಡಿಕೊಂಡಳು. ಇದನ್ನು ಯಾರೂ ನಮಗೆ ಹೇಳಲಿಲ್ಲವಲ್ಲ ಎಂದಳು ಕೊನೆಗೆ. ಹೇಳಬೇಕಾದವಳು ಹುಲಿಗೆವ್ವ. ಪುಡಿ ಕಡಿಮೆಯಾದರೆ ಆರಾಮ ಎಂದು ಹೇಳಿದವಳೂ ಅವಳೇ.

ದುರಗವ್ವನಿಗೆ ಇದು ದೊಡ್ಡ ಸುದ್ದಿ ಎನಿಸಲಿಲ್ಲ. ಅವಳು ಸೀಸನ್ನಿಗೆ ಎಷ್ಟು ದಿನ ಉಳಿದಿದೆ ಎಂದು ಬೆರಳು ಮಡಚಿದಳು. ಹತ್ತೊಂಬತ್ತು. ಮುಗಿಯಲಿ, ಆಮೇಲೆ ನಾನೇ ಊದುತ್ತೇನೆ, ಬಣ್ಣ ಯಾವುದಾದರೂ ಬರಲಿ ಎಂದಳು. ಇಷ್ಟು ಹೇಳುವುದರಲ್ಲಿ ಎರಡು ಸಲ ನಿಂತಳು. ಆ ನಿಲುಗಡೆಯನ್ನು ಹುಲಿಗೆವ್ವ ಈಗ ಎಣಿಸಿದಳು.

ಶುಕ್ರವಾರ ಅವಳು ಹಿರೇಮಠ ಸರ್ ಎದುರು ನಿಂತಳು. ಪುಡಿಯನ್ನು ಕೈಯಿಂದ ಏರಿಸಲು ಅವರ ಗುಪ್ತ ಸಂಖ್ಯೆ ಬೇಕಿತ್ತು. ಸಂಖ್ಯೆ ಹಾಕಿದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಯಂತ್ರ ತಾನಾಗಿಯೇ ಎಲ್ಲರ ಗೆರೆಯನ್ನೂ ಹೋಲಿಸಿ ನೋಡುತ್ತದೆ. ಸಿಕ್ಕಿಬಿದ್ದವರ ತುತ್ತೂರಿ ಮೊದಲಿನಿಂದ ಎದೆಯನ್ನು ಕಲಿಯಲು ಹದಿನೈದು ದಿನ, ಅಷ್ಟು ದಿನ ಗೇಟಿಲ್ಲ. ಆಮೇಲೆ ವಿಚಾರಣೆ. ಸೀಸನ್ ಮುಗಿದಂತೆಯೇ.

ಹಿರೇಮಠ ಸರ್ ಕನ್ನಡಕ ಹುಡುಕಿದರು, ಸಿಕ್ಕಿತು, ಹಾಕಿಕೊಳ್ಳಲಿಲ್ಲ.

"ಒಂದು ಹೆಸರು ತಗದರ ಮೂವತ್ತೇಳೂ ಎದ್ದು ಬರ್ತಾವು ತಂಗಿ. ಸೋಮವಾರ ಸಂಜಿ ತನಕ ನಾ ಏನೂ ನೋಡಿಲ್ಲ. ಅಷ್ಟರಾಗ ನೀನ ಹೇಳು, ತಗೀಲ್ಯೋ ಬಿಡಲ್ಯೋ."

ಮನೆಯಲ್ಲಿ ತಾಯಿಯನ್ನು ಕೂರಿಸುವುದು ಸಾಧ್ಯವಿರಲಿಲ್ಲ. ಗುರುವಾರ ರಾತ್ರಿಯೇ ಹುಲಿಗೆವ್ವ ಗೂಡಿನಿಂದ ಹಳೆಯ ಕಂದು ಪಂಪು ಇಳಿಸಿದ್ದಳು. ಅದರ ತಾರೀಖು ಮುಗಿದು ನಾಲ್ಕು ವರ್ಷವಾಗಿತ್ತು. ಏನೂ ಇಲ್ಲದ್ದಕ್ಕಿಂತ ವಾಸಿ ಎಂದುಕೊಂಡು, ಬೆಳಿಗ್ಗೆ ಎರಡು ಸಂಜೆ ಎರಡು, ಎದುರು ಕುಳಿತು ಎಳೆಸಿದಳು. ದುರಗವ್ವ ಪಂಪಿಗೆ ಅಂಟಿದ್ದ ಕುಂಕುಮ ಒರೆಸಿ, ದೇವರಿಗಾದರೂ ಇಷ್ಟು ದಿನ ಉಪಯೋಗಕ್ಕೆ ಬಂತು ಎಂದು ನಕ್ಕಳು, ನಗುವನ್ನು ಅರ್ಧಕ್ಕೆ ಕೈಯಿಂದ ತಡೆದಳು. ಸೋಮವಾರ ಬೆಳಿಗ್ಗೆ ಅಂಕಿ ನೂರಾ ಎರಡಕ್ಕೆ ಬಂದಿತ್ತು. ಬಾವು ಇಳಿಯಲು ವಾರಗಳು ಬೇಕು. ಅವರಿಗೆ ಸಿಕ್ಕಿದ್ದು ಮೂರೂವರೆ ದಿನ.

ಸೋಮವಾರವೂ ಮಾರುಕಟ್ಟೆಯ ದಿನ. ಬಿಸಿಲಿಗೆ ಅತಿಯಾಗಿ ಒಣಗಿದ ಕಾಯಿ ಲಾರಿಗಟ್ಟಲೆ ಬಂದಿತ್ತು. ಹತ್ತೂವರೆಗೆ ಪಶ್ಚಿಮದ ಗಾಳಿ ಎದ್ದಿತು. ಚೀಲಗಳನ್ನು ಸುರಿದಂತೆಲ್ಲ ಶೆಡ್ಡಿನ ಬಾಯಿಂದ ಕೆಂಪು ಮಬ್ಬು ಹೊರಬಂದು, ಕಾಂಟಾದ ಬಳಿ ನಿಂತ ಎತ್ತುಗಳೂ ಸೀನಿದವು. ಪರದೆಯಲ್ಲಿ ದುರಗವ್ವನ ಚುಕ್ಕೆ ಬೆಳಗಿನ ಎಂಬತ್ತೆಂಟರ ಹಸಿರಿನಲ್ಲಿಯೇ ಇತ್ತು. ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಅದರ ಪಕ್ಕ ಸಣ್ಣದೊಂದು ನೀಲಿ ಗುರುತು ಮೂಡಿತು. ನೀಲಿ ಔಷಧಿಯನ್ನು ಮಿತಿ ಮೀರಿ ಕೇಳಿದ್ದಾರೆ ಎಂದು ಅದರ ಅರ್ಥ. ಅಪಾಯದ ಗುರುತು ಅಲ್ಲ ಅದು. ಚಟದ ಗುರುತು.

ಹುಲಿಗೆವ್ವ ಮೆಟ್ಟಿಲು ಇಳಿದು ಓಡಿದಳು.

ಶೆಡ್ಡಿನಲ್ಲಿ ದುರಗವ್ವ ಎರಡು ಕೈಯನ್ನೂ ಮೊಣಕಾಲಿಗೆ ಊರಿ, ಹೆಗಲು ಮೇಲೆತ್ತಿ ಕುಳಿತಿದ್ದಳು. ಕೊರಳ ತುತ್ತೂರಿ ಮೃದು ದನಿಯಲ್ಲಿ, ದಯವಿಟ್ಟು ಸ್ವಲ್ಪ ಹೊತ್ತು ಕಾಯಿರಿ, ದಯವಿಟ್ಟು ಸ್ವಲ್ಪ ಹೊತ್ತು ಕಾಯಿರಿ ಎನ್ನುತ್ತಿತ್ತು. ಇಮಾಂಬಿ ತನ್ನ ತುತ್ತೂರಿಯ ತಟ್ಟೆಗೆ ತನ್ನ ಬಾತ ಬೆರಳು ಒತ್ತಿ, ಕೊಳವೆಯನ್ನು ದುರಗವ್ವನ ಬಾಯಿಗಿಟ್ಟಿದ್ದಳು. ಎರಡು ಎಳೆತ, ಅಷ್ಟಕ್ಕೆ ಅದೂ ಮುಚ್ಚಿತು. ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ಬೆರಳು ಅವರದು, ಬಾಯಿ ಇವಳದು. ಏಳು ತುತ್ತೂರಿ, ಹದಿನಾಲ್ಕು ಎಳೆತ. ಸರತಿ ತಪ್ಪಲಿಲ್ಲ. ಆಸ್ಪತ್ರೆ ಮುಟ್ಟುವಷ್ಟು ಉಸಿರು ಅದರಿಂದ ಬಂತು. ಮೆಣಸಿನಕಾಯಿ ತಂದಿದ್ದ ಗೂಡ್ಸ್ ಗಾಡಿಯಲ್ಲೇ ಕರೆದೊಯ್ದರು.

ತುರ್ತು ಕೊಠಡಿಯ ಡಾಕ್ಟರು ಕೆಲಸಕ್ಕೆ ಸೇರಿ ವರ್ಷವಾಗಿರದ ತರುಣ. ಕೆಟ್ಟವನಲ್ಲ, ಕೂಡಲೇ ಬಂದ. ಆಕ್ಸಿಜನ್ ಮುಸುಕು ಹಾಕಿಸಿದ, ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದ, ದುರಗವ್ವನ ಬೆರಳನ್ನು ತಟ್ಟೆಗೆ ಒತ್ತಿ ಅವಳ ಕಡತ ತೆರೆದ. ಬೆಳಿಗ್ಗೆ ಎಂಬತ್ತೆಂಟು. ಆರು ವಾರದಿಂದ ಎಂಬತ್ತರ ಮೇಲೆ. ಪುಡಿ ಒಂದೇ ಚಿಟಿಕೆ. ದಮ್ಮು ಪೂರ್ಣ ಹತೋಟಿಯಲ್ಲಿದೆ.

"ಎದೆಯಲ್ಲಿ ಸದ್ದೇ ಇಲ್ಲ, ಸ್ವಚ್ಛ ಇದೆ," ಎಂದ. "ಇದು ದಮ್ಮಲ್ಲ. ಘಾಟು ಬಡಿದು ಗಾಬರಿಯಾಗಿದ್ದಾರೆ. ಆಕ್ಸಿಜನ್ ಮೇಲಿರಲಿ, ಇಳಿಯುತ್ತೆ."

ಗಾಳಿ ಸ್ವಲ್ಪವಾದರೂ ಹರಿದಾಡಿದರೆ ಮಾತ್ರ ಎದೆ ಸುಂಯ್ ಎನ್ನುತ್ತದೆ. ನಾಳಗಳು ಪೂರ್ತಿ ಬಿಗಿದರೆ ಸದ್ದೂ ನಿಲ್ಲುತ್ತದೆ. ಹಳೆಯ ಡಾಕ್ಟರುಗಳು ಸದ್ದಿಲ್ಲದ ಎದೆಗೆ ಹೆದರುತ್ತಿದ್ದರು. ಈ ತರುಣ ಕಲಿಯುವಾಗ ತುತ್ತೂರಿ ಬಂದಾಗಿತ್ತು, ಅಂಥ ಎದೆಯನ್ನು ಅವನು ಕಂಡಿರಲಿಲ್ಲ. ಮತ್ತು ಅವನ ಮುಂದೆ ಎಂಬತ್ತೆಂಟು ಎಂಬ ಅಂಕಿ ಇತ್ತು.

ಇದೆಲ್ಲ ಹುಲಿಗೆವ್ವನಿಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ಅವಳಿಗೆ ತಿಳಿದಿದ್ದದ್ದು ಒಂದೇ, ಅಂಕಿ ಸುಳ್ಳು ಎಂದು. ಅವಳು ಮಂಚದ ಕಾಲ ಬಳಿ ನಿಂತಿದ್ದಳು. ಗಾಜಿನ ಬಾಗಿಲಿನ ಆಚೆ ಶೆಡ್ಡಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಹಿರೇಮಠ ಸರ್ ಕೂಡ ಬಂದು ಗೋಡೆಗೆ ಒರಗಿದ್ದರು. ಅವಳು ಹೇಳಿದರೆ ಮೂವತ್ತೇಳು ಮಂದಿಗೆ ಗೇಟು ಮುಚ್ಚುತ್ತದೆ, ಗುರುವಾರವೇ ತಿಳಿದೂ ಸುಮ್ಮನಿದ್ದದ್ದಕ್ಕೆ ಅವಳ ಕೆಲಸವೂ ಹೋಗುತ್ತದೆ. ಆಕ್ಸಿಜನ್ ಹಾಕಿದ್ದಾರೆ. ಪರದೆಯ ಮೇಲೆ ರಕ್ತದ ಆಕ್ಸಿಜನ್ ಅಂಕಿ ಏರುತ್ತಿದೆ. ತಾನು ಹುಟ್ಟಿದಾಗಿನಿಂದ ತಾಯಿಯ ಎದೆ ಮೊದಲ ಸಲ ಸದ್ದಿಲ್ಲದೆ ಇದೆ. ಸುಧಾರಿಸುತ್ತಿದ್ದಾಳೆ ಎಂದುಕೊಂಡಳು. ಇನ್ನು ಸ್ವಲ್ಪ ಹೊತ್ತು ನೋಡೋಣ ಎಂದುಕೊಂಡಳು.

ದುರಗವ್ವನ ಕಣ್ಣುಗಳು ಅರ್ಧ ಮುಚ್ಚಿದವು. ಮೊಣಕಾಲು ಹಿಡಿದಿದ್ದ ಕೈ ಸಡಿಲಿ ಜಾರಿತು. ನಿದ್ದೆ ಹತ್ತಿತು ಎಂದಳು ನರ್ಸು.

ಗಾಜಿನ ಬಾಗಿಲು ತೆರೆಯಿತು. ಚಪ್ಪಲಿ ಹೊರಗೆ ಬಿಟ್ಟು ಇಮಾಂಬಿ ಒಳಗೆ ಬಂದಳು. ಹೊರಗಿರಿ ಎಂದು ನರ್ಸು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಡಾಕ್ಟರ ಕೈಯಲ್ಲಿದ್ದ ಪರದೆಯ ಮೇಲೆ ಬಾತ ಬೆರಳಿಟ್ಟಳು.

"ಆ ಎಂಬತ್ತೆಂಟು ನಂದ್ರೀ ಡಾಕ್ಟರ. ಆಕಿದಲ್ಲ. ಆರು ವಾರ ನಾ ಊದೇನಿ. ಆಕಿದು ಅದರಾಗ ಒಂದು ಉಸಿರೂ ಇಲ್ಲ."

ಡಾಕ್ಟರು ಪರದೆ ಬಿಟ್ಟು ಗೋಡೆಯತ್ತ ತಿರುಗಿದ. ಅವನು ಗೋಡೆಯ ಕೆಂಪು ಗುಂಡಿ ಒತ್ತುವ ಹೊತ್ತಿಗೆ ದುರಗವ್ವ ಉಸಿರಾಡುವುದನ್ನು ನಿಲ್ಲಿಸಿದ್ದಳು. ಇಮಾಂಬಿ ಹೇಳಿದ ಮೇಲೆ ಅವನು ಒಂದು ಕ್ಷಣವೂ ಹಾಳು ಮಾಡಲಿಲ್ಲ ಎಂದು ಮುಂದೆ ವಿಚಾರಣೆಯಲ್ಲಿ ಬರೆದರು, ಅದು ನಿಜವೂ ಹೌದು. ಗಂಟಲಿಗೆ ನಳಿಗೆ ಇಳಿಸಿದರು, ಯಂತ್ರದಿಂದ ಉಸಿರು ಕೊಟ್ಟರು. ಹಿರೇಮಠ ಸರ್ ಕನ್ನಡಕ ಹಾಕಿಕೊಂಡು, ಫೋನಿನಲ್ಲೇ ತಮ್ಮ ಗುಪ್ತ ಸಂಖ್ಯೆ ಒತ್ತಿ ಕಾರಣ ಬರೆದರು. ಸಂಜೆಯವರೆಗೆ ಕಾಯಲಿಲ್ಲ.

ಒಂಬತ್ತನೆಯ ದಿನ ದುರಗವ್ವ ಕಣ್ಣು ಬಿಟ್ಟಳು. ಇಪ್ಪತ್ತನೆಯ ದಿನ ಮನೆಗೆ ಬಂದಳು. ಹೊಸ ತುತ್ತೂರಿ ಕೊಟ್ಟಿದ್ದರು, ಇದಕ್ಕೆ ಬೆರಳಿನ ಜೊತೆ ತುಟಿಯ ಗುರುತೂ ಬೇಕು. ಅವಳು ತಾನೇ ಊದಿದಳು. ಮೂವತ್ತನಾಲ್ಕು. ಪುಡಿ ನಾಲ್ಕು ಚಿಟಿಕೆ. ಜೂನ್ ಹೊತ್ತಿಗೆ ಅರವತ್ತೊಂದಕ್ಕೆ ಬಂದಳು, ಅವಳದೇ ಉಸಿರು, ನಿಜವಾದ ಹಸಿರು. ಗೋಡೆಗೆ ಒರಗದೆ ಮಲಗಲು ಸಾಧ್ಯವಾಯಿತು.

ಆದರೆ ಕೈ ಬೇರೆಯಾಗಿತ್ತು. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡರೆ ಏನೂ ಇಲ್ಲ. ಯಾವುದನ್ನಾದರೂ ಹಿಡಿಯಲು ಹೋದರೆ ಬೆರಳುಗಳು ತಮ್ಮಷ್ಟಕ್ಕೆ ಎಗರುತ್ತಿದ್ದವು. ಉಸಿರು ನಿಂತ ಹೊತ್ತಿನಲ್ಲಿ ಮೆದುಳಿಗೆ ಬಿದ್ದ ಪೆಟ್ಟು, ಕೆಲವರಿಗೆ ಹೀಗಾಗುತ್ತದೆ, ಮಾತ್ರೆಯಿಂದ ಸ್ವಲ್ಪ ತಗ್ಗಬಹುದು, ಹೋಗುವುದಿಲ್ಲ ಎಂದರು ದೊಡ್ಡ ಡಾಕ್ಟರು. ಹುಲಿಗೆವ್ವ ತುತ್ತು ಕಲಸಿ ಕೊಟ್ಟರೆ ದುರಗವ್ವ ಮುಖ ಆ ಕಡೆ ಮಾಡಿ ಬಾಯಿ ತೆರೆಯುತ್ತಿದ್ದಳು.

ಗೇಟು ಕಳೆದುಕೊಂಡ ಇಮಾಂಬಿ ದಿನಾ ಹತ್ತು ಗಂಟೆಗೆ ಬಂದು ಕೂರುತ್ತಿದ್ದಳು. ಒಂದು ದಿನ ಮನೆಗೆಂದು ಕೊಂಡ ಕಾಲು ಕಿಲೋ ಮೆಣಸಿನಕಾಯಿಯನ್ನು ಅವಳು ಮೊರದಲ್ಲಿ ಹಾಕಿಕೊಂಡು ಬಂದಳು. ದುರಗವ್ವ ಕೈ ಚಾಚಿ ಒಂದು ಕಾಯಿ ತೆಗೆದಳು. ಎಡಗೈ ಹಿಡಿಯಿತು, ಬಲಗೈ ತೊಟ್ಟಿಗೆ ಹೋಯಿತು, ಎಗರಿತು. ಕಾಯಿ ನಡುವೆ ಸೀಳಿ ಬೀಜವೆಲ್ಲ ನೆಲಕ್ಕೆ ಚೆಲ್ಲಿತು. ಇನ್ನೊಂದು ತೆಗೆದಳು. ಅದೂ ಹಾಗೆಯೇ ಆಯಿತು. ಮೂರನೆಯದಕ್ಕೆ ಇಮಾಂಬಿ ಮೊರವನ್ನು ತನ್ನ ಕಡೆ ಎಳೆದುಕೊಂಡು, ಬಾತ ಬೆರಳಿನಿಂದ ನಿಧಾನಕ್ಕೆ ತೊಟ್ಟು ಮುರಿಯತೊಡಗಿದಳು.

"ನಿಂದು ಮುಯ್ಯಿ ನನ್ನ ಮ್ಯಾಲ ಬಾಕಿ ಐತಿ," ಎಂದಳು.

"ಹೂಂ, ತೀರಿಸು," ಎಂದಳು ದುರಗವ್ವ. "ಬೆಳಗಾಗೂದ್ರಾಗ ಕಾಲು ಕಿಲೋ ಆದೀತು ನಿಂದು." ನಕ್ಕಳು. ಕೈ ಅಡ್ಡ ತರಲು ಹೋದಳು, ತರಲಿಲ್ಲ. ಈಗ ನಗುವಷ್ಟು ಉಸಿರು ಇತ್ತು.

ವಿಚಾರಣೆಯವರು ಹುಲಿಗೆವ್ವನಿಗೆ ಹಾಳೆಯೊಂದನ್ನು ಕಳಿಸಿದ್ದರು. ಕೆಲಸದಿಂದ ಅವಳನ್ನು ತೆಗೆದಿರಲಿಲ್ಲ, ಎಚ್ಚರಿಕೆ ಕೊಟ್ಟಿದ್ದರು. ಹಾಳೆಯ ಕೊನೆಯ ಕಾಲಂ ನಷ್ಟ ಎಂದಿತ್ತು. ಅವಳು ಆಸ್ಪತ್ರೆಯ ಯಂತ್ರದ ದಾಖಲೆ ತರಿಸಿಕೊಂಡಿದ್ದಳು. ಡಾಕ್ಟರು ಕಡತ ತೆರೆದದ್ದು ಹನ್ನೊಂದು ನಲವತ್ತೆರಡಕ್ಕೆ. ಕೆಂಪು ಗುಂಡಿ ಒತ್ತಿದ್ದು ಹನ್ನೊಂದು ನಲವತ್ತಾರಕ್ಕೆ. ಒಳಗೆ ಇಮಾಂಬಿ ಕಾಯಿ ಬಿಡಿಸುವ ಸದ್ದು ಕೇಳುತ್ತಿತ್ತು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು. ಹುಲಿಗೆವ್ವ ಬರೆದಳು.

ನಾಲ್ಕು ನಿಮಿಷ. ಮೂವತ್ತೇಳು ಗೇಟ್ ಪಾಸು. ಹತ್ತು ಬೆರಳು.